ಬಾಡಿಗೆ ಮನೆಯಲ್ಲಿ ನಲ್ಲಿ ಮುಟ್ಟಿದರೆ ಶಾಕ್, ಪದೇ ಪದೇ ಟ್ರಿಪ್: ದೋಷ ಎಲ್ಲಿದೆ, ಸರಿಮಾಡಿಸಬೇಕಾದವರು ಯಾರು

ಬಚ್ಚಲಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಫ್ರಿಜ್ ಬಾಗಿಲು ಹಿಡಿದರೆ ಚುರುಕ್ ಎಂದು ಹೊಡೆಯುತ್ತದೆ. ಗೀಸರ್ ಹಾಕಿ ಸ್ವಲ್ಪ ಹೊತ್ತಿಗೆ ಇಡೀ ಮನೆಯ ಕರೆಂಟ್ ಹೋಗುತ್ತದೆ. ಓನರ್‌ಗೆ ಹೇಳಿದರೆ, "ಸ್ವಲ್ಪ ಜುಮ್ ಅಂದ್ರೆ ಏನಾಗಲ್ಲಮ್ಮ, ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ" ಎನ್ನುತ್ತಾರೆ.

ದಯವಿಟ್ಟು ಆ ಮಾತು ಕೇಳಬೇಡಿ. ಇವತ್ತು ಜುಮ್ ಎಂದ ನಲ್ಲಿ ನಾಳೆಯೂ ಅಷ್ಟಕ್ಕೇ ಬಿಡುತ್ತದೆ ಎಂದು ಯಾರೂ ಹೇಳಲಾಗದು. ಒದ್ದೆ ಮೈ, ಒದ್ದೆ ನೆಲ, ಬರಿಗಾಲು ಒಟ್ಟಿಗೆ ಸೇರಿದರೆ ಅದೇ ದೋಷ ಜೀವ ತೆಗೆಯುತ್ತದೆ. ಮೇಲೆ ಹೇಳಿದ ಮೂರೂ ತೊಂದರೆಗಳ ಹಿಂದೆ ಹೆಚ್ಚಿನ ಸಲ ಒಂದೇ ಕಾರಣ ಇರುತ್ತದೆ: ಎಲ್ಲೋ ಕರೆಂಟ್ ಸೋರುತ್ತಿದೆ. ಶಾಕ್ ಹೊಡೆಯುತ್ತಿದ್ದರೆ, ಸೋರಿದ್ದು ಭೂಮಿಗೆ ಇಳಿಯುವ ದಾರಿ, ಅಂದರೆ ಅರ್ತಿಂಗ್, ಕೂಡ ಕೆಟ್ಟಿದೆ. ಸೋರಿಕೆ ಎಲ್ಲಿದೆ ಎಂದು ನೀವೇ ಬಹುಪಾಲು ಹುಡುಕಬಹುದು. ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಅರ್ತಿಂಗ್ ಮಾತ್ರ ಕಟ್ಟಡದ ಭಾಗ. ಅದು ಓನರ್ ಕೆಲಸ.

ಮೊದಲು ಮಾಡಬೇಕಾದ್ದು

ಗೀಸರ್ ಸ್ವಿಚ್ ಆಫ್ ಮಾಡಿ. ಡಿಬಿ ಬಾಕ್ಸ್‌ನಲ್ಲಿ, ಅಂದರೆ ಮನೆಯ ಎಲ್ಲ ಲೈನುಗಳು ಕವಲೊಡೆಯುವ ಪೆಟ್ಟಿಗೆಯಲ್ಲಿ, ಅದರ ಎಂಸಿಬಿಯನ್ನೂ (ಒಂದೊಂದು ಲೈನಿಗೆ ಇರುವ, ತಾನಾಗಿ ಬೀಳುವ ಸ್ವಿಚ್) ಇಳಿಸಿ. ದೋಷ ಸಿಗುವವರೆಗೆ ನೀರನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿಕೊಳ್ಳಿ. ಬಕೆಟ್‌ಗೆ ಹಾಕುವ ವಾಟರ್ ಹೀಟರ್ ರಾಡ್ ಬೇಡವೇ ಬೇಡ. ಅರ್ತಿಂಗ್ ಇಲ್ಲದ ಮನೆಯಲ್ಲಿ ಅದು ಗೀಸರ್‌ಗಿಂತ ಅಪಾಯ. ಮಕ್ಕಳಿಗೆ, ಮನೆಗೆಲಸಕ್ಕೆ ಬರುವವರಿಗೆ ಸ್ಪಷ್ಟವಾಗಿ ಹೇಳಿ. ಪಾತ್ರೆ ತೊಳೆಯುವಾಗ ಸಿಂಕ್ ನಲ್ಲಿಯಿಂದ ಮೊದಲ ಶಾಕ್ ತಿನ್ನುವುದು ಎಷ್ಟೋ ಮನೆಗಳಲ್ಲಿ ಅವರೇ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಇಳಿಸಿ. ಮೇನ್ ದೂರ ಇದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಕರೆ ಮಾಡಿ.

ಇನ್ನೊಂದು ವಿಷಯ ಮರೆಯಬೇಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಮೇನ್ ಆಫ್ ಮಾಡಿದ ಮಾತ್ರಕ್ಕೆ ಎಲ್ಲ ವೈರ್‌ಗಳೂ ಸತ್ತಂತಲ್ಲ. ಬ್ಯಾಟರಿಯಿಂದ ಅದೇ 230 ವೋಲ್ಟ್ ಬರುತ್ತಿರುತ್ತದೆ. ಯುಪಿಎಸ್‌ನ ಸ್ವಿಚ್ಚನ್ನೂ ಆಫ್ ಮಾಡಿ.

ಬಿದ್ದದ್ದು ಯಾವುದು ನೋಡಿ

"ಟ್ರಿಪ್ ಆಯ್ತು" ಎಂದರೆ ಸಾಲದು. ಎಂಸಿಬಿ ಬಿತ್ತಾ, ಆರ್‌ಸಿಸಿಬಿ ಬಿತ್ತಾ ಎಂಬುದು ಗೊತ್ತಾಗಬೇಕು. ಆರ್‌ಸಿಸಿಬಿ ಸ್ವಲ್ಪ ಅಗಲ ಇರುತ್ತದೆ. ಅದರ ಮೇಲೆ 'ಟಿ' ಎಂದು ಬರೆದ ಪುಟ್ಟ ಬಟನ್ ಇರುತ್ತದೆ, ಜೊತೆಗೆ 30 ಎಂಎ (ಮಿಲಿಆಂಪ್) ಅಥವಾ 100 ಎಂಎ ಎಂಬ ಅಂಕಿ ಇರುತ್ತದೆ.

ಎಂಸಿಬಿ ಬೀಳುವುದು ಲೋಡ್ ಜಾಸ್ತಿಯಾದಾಗ ಅಥವಾ ಶಾರ್ಟ್ ಆದಾಗ. ಅದು ವೈರ್ ಸುಡದಂತೆ ಕಾಯುತ್ತದೆ. ನಿಮ್ಮನ್ನು ಶಾಕ್‌ನಿಂದ ಕಾಯುವುದಿಲ್ಲ. ಆರ್‌ಸಿಸಿಬಿ ಕೆಲಸ ಬೇರೆ. ಫೇಸ್ ವೈರ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್ ವೈರ್‌ನಲ್ಲಿ ವಾಪಸ್ ಬಂತಾ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವ ಹೊತ್ತಿಗೆ ಕಣ್ಣು ಮಿಟುಕಿಸುವುದರೊಳಗೆ ಕಟ್ ಮಾಡುತ್ತದೆ. ಆ ಅಂಕಿಗೆ ಕಾರಣ ಇದೆ. ಸುಮಾರು 10 ಮಿಲಿಆಂಪ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳುವುದು ಕಷ್ಟ. 30 ದಾಟಿ ಹೋದಂತೆ ಹೃದಯದ ಬಡಿತ ತಪ್ಪುವ ಅಪಾಯ ಏರುತ್ತದೆ. ಹಾಗಾಗಿ ಮನುಷ್ಯರನ್ನು ಕಾಯಲು 30 ಎಂಎ ಇರುವುದೇ ಬೇಕು. 100 ಅಥವಾ 300 ಎಂಎ ಇರುವುದು ಬೆಂಕಿ ತಡೆಯಲು ಸಹಾಯ ಮಾಡುತ್ತದೆ, ಜೀವ ಉಳಿಸಲು ನಂಬುವಂತಿಲ್ಲ.

ಬಾಕ್ಸ್‌ನಲ್ಲಿ ಆರ್‌ಸಿಸಿಬಿಯೇ ಇಲ್ಲವಾ? ಹಳೆಯ ಮನೆಗಳಲ್ಲಿ ಬರೀ ಪಿಂಗಾಣಿ ಫ್ಯೂಸ್ ಕ್ಯಾರಿಯರ್ ಇರುವುದೂ ಉಂಟು. ಹಾಗಿದ್ದರೆ ಓನರ್ ಜೊತೆಗಿನ ಮಾತು ಇಲ್ಲಿಂದಲೇ ಶುರುವಾಗಲಿ.

ಆರ್‌ಸಿಸಿಬಿ ಬೀಳುತ್ತಿದ್ದರೆ

ಎಲ್ಲ ಎಂಸಿಬಿ ಇಳಿಸಿ. ಈಗ ಆರ್‌ಸಿಸಿಬಿ ಮಾತ್ರ ಮೇಲೆತ್ತಿ. ನಿಂತಿತಾ? ಒಂದೊಂದೇ ಎಂಸಿಬಿ ಎತ್ತುತ್ತಾ ಹೋಗಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲೇ ದೋಷ. ಆ ಲೈನಿನ ಎಲ್ಲ ಪ್ಲಗ್ ಕಿತ್ತು ಮತ್ತೆ ಎತ್ತಿ ನೋಡಿ. ಈಗ ನಿಂತರೆ ದೋಷ ಉಪಕರಣದ್ದು. ಪ್ಲಗ್ಗುಗಳನ್ನು ಒಂದೊಂದಾಗಿ ವಾಪಸ್ ಹಾಕುತ್ತಾ ಬನ್ನಿ, ಯಾವುದೆಂದು ಸಿಕ್ಕಿಬೀಳುತ್ತದೆ. ಎಲ್ಲ ಕಿತ್ತ ಮೇಲೂ ಬಿದ್ದರೆ ದೋಷ ಗೋಡೆಯೊಳಗಿನ ವೈರಿಂಗ್‌ನದ್ದು.

ಇಲ್ಲೊಂದು ಗೊಂದಲ ಬರುತ್ತದೆ. ಕೆಲವೊಮ್ಮೆ ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲುವುದಿಲ್ಲ. ಆಗ "ಆರ್‌ಸಿಸಿಬಿ ಹಾಳಾಗಿದೆ, ತೆಗೆದುಹಾಕಿ" ಎಂದು ಯಾರಾದರೂ ತೀರ್ಪು ಕೊಟ್ಟುಬಿಡುತ್ತಾರೆ. ಮನೆಗಳಲ್ಲಿ ಹಾಕುವ ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕಟ್ ಮಾಡುತ್ತದೆ, ನ್ಯೂಟ್ರಲ್ ಹಾಗೇ ಜೋಡಿಕೊಂಡಿರುತ್ತದೆ. ಎಲ್ಲೋ ನ್ಯೂಟ್ರಲ್ ವೈರ್ ಅರ್ಥ್ ವೈರ್‌ಗೆ ತಗುಲಿದ್ದರೆ ಎಂಸಿಬಿ ಇಳಿಸಿದ್ದರಿಂದ ಅದು ಬಿಡಿಸಿಕೊಳ್ಳುವುದಿಲ್ಲ. ಆಗ ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್ ಲಿಂಕ್‌ನಿಂದ (ಡಿಬಿಯಲ್ಲಿ ನ್ಯೂಟ್ರಲ್ ವೈರ್‌ಗಳೆಲ್ಲ ಸೇರುವ ಪಟ್ಟಿ) ಒಂದೊಂದೇ ವೈರ್ ಬಿಡಿಸಿ ನೋಡಬೇಕು. ಯಾವ ವೈರೂ ಇಲ್ಲದಾಗಲೂ ಬಿದ್ದರೆ ಮಾತ್ರ ಆರ್‌ಸಿಸಿಬಿಯದ್ದೇ ದೋಷ.

ಯಾವಾಗ ಬೀಳುತ್ತದೆ ಎಂಬುದನ್ನೂ ಬರೆದಿಡಿ. ಮಳೆ ಬಂದಾಗ ಮಾತ್ರ ಬಿದ್ದರೆ ಟೆರೇಸ್ ಲೈಟು, ಗೇಟಿನ ಲೈಟು, ಸಂಪ್ ಮೋಟರ್ ನೋಡಿಸಿ. ಹೊಸದಾಗಿ ಯುಪಿಎಸ್ ಹಾಕಿಸಿದ ದಿನದಿಂದ ಶುರುವಾಗಿದ್ದರೆ ಯುಪಿಎಸ್ ಲೈನಿನ ನ್ಯೂಟ್ರಲ್ ಉಳಿದ ಲೈನಿನ ಜೊತೆ ಬೆರೆತಿದೆಯಾ ಎಂದು ಕೇಳಿ. ಆರ್‌ಸಿಸಿಬಿಯ ಲೆಕ್ಕ ತಪ್ಪಲು ಅಷ್ಟು ಸಾಕು.

ಗೀಸರ್ ಹಾಕಿ ನೀರು ಬಿಸಿಯಾಗುತ್ತಿದ್ದಂತೆ ಬಿದ್ದರೆ ಒಳಗಿನ ಕಾಯಿಲ್ ಸೀಳಿರುವುದೇ ಹೆಚ್ಚು. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಬರುವ ಬಡಾವಣೆಗಳಲ್ಲಿ ಇದು ಮಾಮೂಲು. ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ದಪ್ಪಗೆ ಕಟ್ಟುತ್ತದೆ. ಶಾಖ ಹೊರಗೆ ಹೋಗಲಾರದೆ ಕಾಯಿಲ್‌ನ ಹೊರಕವಚ ಬಿರಿಯುತ್ತದೆ. ಆಮೇಲೆ ನೀರು ಕರೆಂಟಿಗೆ ನೇರ ತಾಗುತ್ತದೆ. ಪೈಪ್ ಪ್ಲಾಸ್ಟಿಕ್ ಆಗಿದ್ದರೂ ಅದರೊಳಗಿನ ನೀರಿನ ಮೂಲಕ ಕರೆಂಟ್ ನಲ್ಲಿಯವರೆಗೆ ಬರಬಹುದು.

ಯಾವುದೂ ಬೀಳುತ್ತಿಲ್ಲ, ಆದರೂ ಶಾಕ್

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ ಸ್ಥಿತಿ ಇದು. ಎಂಸಿಬಿ ಯಾಕೆ ಸುಮ್ಮನಿದೆ ನೋಡಿ. ಅರ್ತಿಂಗ್‌ನ ದಾರಿಯಲ್ಲಿ ಒಟ್ಟು 20 ಓಮ್ ತಡೆ ಇದೆ ಎಂದುಕೊಳ್ಳಿ. ಫೇಸ್ ವೈರ್ ಗೀಸರ್‌ನ ಲೋಹದ ಮೈಗೆ ತಗುಲಿದರೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪ್. ಗೀಸರ್ ಲೈನಿನ ಎಂಸಿಬಿ 16 ಅಥವಾ 20 ಆಂಪ್‌ನದ್ದು. ಅದಕ್ಕೆ ಇದೊಂದು ಮಾಮೂಲಿ ಲೋಡ್ ಅಷ್ಟೇ. ಅದು ಬೀಳುವುದಿಲ್ಲ. ಗೀಸರ್ ಬಾಡಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಕುಳಿತಿರುತ್ತದೆ.

ಈಗ ಒಂದು ಪರೀಕ್ಷೆ. ಒಣ ಕೈ, ಒಣ ಚಪ್ಪಲಿಯಲ್ಲಿ ನಿಂತು ಟೆಸ್ಟರ್‌ನ (ಕರೆಂಟ್ ತಾಗಿದರೆ ಒಳಗಿನ ಪುಟ್ಟ ದೀಪ ಉರಿಯುವ ಸ್ಕ್ರೂಡ್ರೈವರ್) ತುದಿಯನ್ನು ನಲ್ಲಿಗೆ ಅಥವಾ ಫ್ರಿಜ್‌ನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. ಉರಿದರೆ, ಮೇನ್ ಮತ್ತು ಯುಪಿಎಸ್ ಎರಡನ್ನೂ ಆಫ್ ಮಾಡಿ ಮತ್ತೆ ತಾಗಿಸಿ. ಈಗ ಆರಿದರೆ ಸೋರಿಕೆ ನಿಮ್ಮ ಮನೆಯೊಳಗೇ ಇದೆ. ಈಗಲೂ ಉರಿಯುತ್ತಿದ್ದರೆ ಸೋರಿಕೆ ಹೆಚ್ಚಾಗಿ ನಿಮ್ಮದಲ್ಲ. ಹೊರಗಿನಿಂದ ಬರುತ್ತಿದೆ.

ಮೂರು ಮಹಡಿ, ಆರು ಮನೆ, ಎಲ್ಲಕ್ಕೂ ಸೇರಿ ಒಂದೇ ಅರ್ಥ್ ಪಿಟ್, ಅಂದರೆ ಅರ್ಥ್ ವೈರ್ ಭೂಮಿಗೆ ಇಳಿಯುವ ಗುಂಡಿ. ಬೆಂಗಳೂರಿನ ಬಾಡಿಗೆ ಕಟ್ಟಡಗಳಲ್ಲಿ ಇದು ಸಾಮಾನ್ಯ. ಪಿಟ್ ಒಣಗಿದೆ ಅಥವಾ ಅದರ ವೈರ್ ತುಕ್ಕು ಹಿಡಿದು ಕಡಿದಿದೆ ಎನ್ನಿ. ಆಗ ಮೇಲಿನ ಮನೆಯ ಗೀಸರ್‌ನಿಂದ ಸೋರಿದ ಕರೆಂಟ್ ಭೂಮಿಗೆ ಇಳಿಯಲಾಗದೆ ಅದೇ ಅರ್ಥ್ ವೈರಿನಲ್ಲಿ ಎಲ್ಲ ಮನೆಗಳ ಫ್ರಿಜ್, ವಾಷಿಂಗ್ ಮಷೀನ್, ಗೀಸರ್‌ನ ಲೋಹದ ಮೈಗೆ ಬಂದು ಕೂರುತ್ತದೆ. ಮೇನ್ ಸ್ವಿಚ್ ಅರ್ಥ್ ವೈರನ್ನು ಕಟ್ ಮಾಡುವುದಿಲ್ಲವಲ್ಲ. ನಿಮ್ಮ ಮನೆಯಲ್ಲಿ ಒಳ್ಳೆಯ 30 ಎಂಎ ಆರ್‌ಸಿಸಿಬಿ ಇದ್ದರೂ ಅದು ಬೀಳದು. ಆ ಕರೆಂಟ್ ನಿಮ್ಮ ಆರ್‌ಸಿಸಿಬಿ ದಾಟಿ ಬಂದದ್ದೇ ಅಲ್ಲ. ನೀವು ಗೀಸರ್ ಬದಲಿಸಿ, ಫ್ರಿಜ್ ರಿಪೇರಿ ಮಾಡಿಸಿ, ಏನೇ ಮಾಡಿದರೂ ಶಾಕ್ ಹೋಗುವುದಿಲ್ಲ. ಕಟ್ಟಡದ ಅರ್ತಿಂಗ್ ಸರಿಯಾಗಬೇಕು, ಸೋರುತ್ತಿರುವ ಮನೆ ಸಿಗಬೇಕು. ಇದನ್ನು ಮಾಡಿಸಬಲ್ಲವರು ಓನರ್ ಮಾತ್ರ. ಅಕ್ಕಪಕ್ಕದ ಬಾಡಿಗೆದಾರರನ್ನೂ ಕೇಳಿ. ಅವರಿಗೂ ಜುಮ್ ಎನ್ನುತ್ತಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಟೆಸ್ಟರ್ ಬಗ್ಗೆ ಒಂದು ಎಚ್ಚರ. ಅದು ಸಣ್ಣ ಸೋರಿಕೆಗೂ ಉರಿಯುತ್ತದೆ. ಅಪಾಯ ಇರುವಾಗ ಉರಿಯದೇ ಇರುವುದೂ ಉಂಟು. ಉರಿದರೆ ನಂಬಿ, ಉರಿಯದಿದ್ದರೆ ನಂಬಬೇಡಿ.

ಮನೆಯೊಳಗೇ ಸೋರಿಕೆ ಎಂದಾದರೆ ಪ್ಲಗ್ ಪಾಯಿಂಟ್ ನೋಡಿ. ಎದುರು ನಿಂತಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಸ್ವಿಚ್ ಆನ್ ಇದ್ದಾಗ ಟೆಸ್ಟರ್ ಬಲಗಡೆ ಮಾತ್ರ ಉರಿಯಬೇಕು, ಆಫ್ ಮಾಡಿದಾಗ ಎಲ್ಲೂ ಉರಿಯಬಾರದು. ಆಫ್ ಮಾಡಿದ ಮೇಲೂ ಉರಿದರೆ ಸ್ವಿಚ್ಚನ್ನು ನ್ಯೂಟ್ರಲ್ ವೈರಿಗೆ ಹಾಕಿದ್ದಾರೆ ಎಂದರ್ಥ. ಗೀಸರ್ ಆಫ್ ಮಾಡಿದ್ದೇನೆ ಎಂದು ನೀವು ನಂಬಿರುತ್ತೀರಿ, ಕರೆಂಟ್ ಒಳಗೇ ಇರುತ್ತದೆ. ಅರ್ಥ್ ತೂತಿನಲ್ಲಿ ಉರಿದರೆ ಆ ಪಾಯಿಂಟನ್ನು ಆ ಕ್ಷಣದಿಂದ ಬಳಸಬೇಡಿ. ಪ್ಲಗ್ಗಿನ ಮೂರನೇ ಪಿನ್ ಮುರಿದಿದೆಯಾ, ಮಧ್ಯೆ ಎರಡು ಪಿನ್ನಿನ ಅಡಾಪ್ಟರ್ ಇದೆಯಾ ನೋಡಿ. ಅದು ನಿಮ್ಮ ಕಡೆಯ ಕೆಲಸ, ಇವತ್ತೇ ಸರಿಮಾಡಿ.

ಎಲೆಕ್ಟ್ರಿಷಿಯನ್ ಬಂದಾಗ

ಎಷ್ಟೋ ಮಂದಿ ಫೇಸ್‌ಗೂ ಅರ್ಥ್‌ಗೂ ನಡುವೆ 100 ವಾಟ್ ಬಲ್ಬ್ ಹಚ್ಚಿ, "ಬಲ್ಬ್ ಉರೀತಲ್ಲ ಸರ್, ಅರ್ತಿಂಗ್ ಸರಿಯಾಗೇ ಇದೆ" ಎಂದು ಹೊರಡುತ್ತಾರೆ. ಈ ಪರೀಕ್ಷೆ ಮೋಸ ಮಾಡುತ್ತದೆ. ಉರಿಯುವ ಆ ಬಲ್ಬಿನದ್ದೇ ತಡೆ 500 ಓಮ್‌ಗಿಂತ ಜಾಸ್ತಿ. ಅದರ ಮುಂದೆ ಅರ್ತಿಂಗ್‌ನ 20 ಓಮ್ ಗೊತ್ತೇ ಆಗುವುದಿಲ್ಲ. ಬಲ್ಬ್ ಝಗಮಗ ಉರಿಯುತ್ತದೆ. ಆದರೆ ಆ 20 ಓಮ್‌ನಲ್ಲಿ ಎಂಸಿಬಿ ಬೀಳುವುದಿಲ್ಲ ಎಂದು ಆಗಲೇ ಲೆಕ್ಕ ಹಾಕಿದೆವಲ್ಲ. ಬಲ್ಬ್ ಉರಿಯದಿದ್ದರೆ ಅರ್ತಿಂಗ್ ಇಲ್ಲ ಎಂಬುದು ಖಾತ್ರಿ. ಉರಿದರೆ ಏನೂ ಖಾತ್ರಿಯಿಲ್ಲ. ಅರ್ಥ್ ಟೆಸ್ಟರ್ ತಂದು ಓಮ್ ಅಳೆಯಲು ಹೇಳಿ. ಮನೆಗಳಿಗೆ 5 ಓಮ್ ಒಳಗೆ ತರುವುದು ರೂಢಿ.

ಮಲ್ಟಿಮೀಟರ್ ಇದ್ದರೆ ಮೂರು ಅಳತೆ ಕೇಳಿ. ಫೇಸ್–ನ್ಯೂಟ್ರಲ್ ಸುಮಾರು 230 ವೋಲ್ಟ್, ಫೇಸ್–ಅರ್ಥ್ ಅದರ ಹತ್ತಿರ, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್. ಫೇಸ್–ಅರ್ಥ್ 100, 140 ಎಂದು ಅಲೆದಾಡಿದರೆ ಅರ್ಥ್ ಕಡಿದಿದೆ. ನ್ಯೂಟ್ರಲ್–ಅರ್ಥ್ ಸೊನ್ನೆಗೆ ಅಂಟಿಕೊಂಡಿದ್ದರೆ ಅದೇ ಲೈನಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿ ಮತ್ತೆ ಅಳೆಯಿರಿ. ಲೋಡ್ ಬಂದಾಗ ಸ್ವಲ್ಪವಾದರೂ ಏರಬೇಕು. ಏರದಿದ್ದರೆ ಯಾರೋ ಪಾಯಿಂಟಿನ ಒಳಗೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ತುಂಡು ವೈರ್ ಕೊಟ್ಟಿರುವ ಅನುಮಾನ. ಅರ್ತಿಂಗ್ ಇಲ್ಲದ ಮನೆಗೆ ಇದು ಕಳ್ಳ ಉಪಾಯ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಫ್ರಿಜ್ ಬಾಡಿಯೇ ಫೇಸ್ ಆಗುತ್ತದೆ. ಇದನ್ನು ಕಂಡರೆ ತಕ್ಷಣ ತೆಗೆಸಿ.

ಗೋಡೆಯೊಳಗಿನ ವೈರಿಂಗ್ ಮೇಲೆ ಅನುಮಾನ ಇದ್ದರೆ ಮೆಗ್ಗರ್ (ವೈರಿನ ಹೊರಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತಿದೆಯಾ ಎಂದು ಅಳೆಯುವ ಯಂತ್ರ) ಹಾಕಿಸಿ. ಉಪಕರಣ ಎಲ್ಲ ಕಿತ್ತು 500 ವೋಲ್ಟ್‌ನಲ್ಲಿ ಅಳೆದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಟಿವಿ, ವೈಫೈ ಪೆಟ್ಟಿಗೆ ಎಲ್ಲ ಮೊದಲೇ ಕಿತ್ತಿಡಿ, ಇಲ್ಲದಿದ್ದರೆ ಅವು ಸುಡಬಹುದು. ಗೀಸರ್ ವೈರ್‌ನ ದಪ್ಪವನ್ನೂ ನೋಡಿಸಿ. 3 ಕಿಲೋವಾಟ್ ಗೀಸರ್ 13 ಆಂಪ್ ಎಳೆಯುತ್ತದೆ. ಅದಕ್ಕೆ 4 ಚದರ ಎಂಎಂ ವೈರ್ ಹಾಕುವುದು ಒಳ್ಳೆಯ ಪದ್ಧತಿ. ಲೈಟಿನ ಲೈನಿನಿಂದ ಎಳೆದುಕೊಟ್ಟಿದ್ದರೆ ಒಪ್ಪಬೇಡಿ.

ಎರಡು "ಪರಿಹಾರ"ಗಳನ್ನು ಯಾರೇ ಹೇಳಿದರೂ ಬೇಡ ಎನ್ನಿ. ಒಂದು, ಆರ್‌ಸಿಸಿಬಿ ಬೈಪಾಸ್ ಮಾಡುವುದು. ಇನ್ನೊಂದು, ಬೀಳುತ್ತಿರುವ ಎಂಸಿಬಿ ತೆಗೆದು ದೊಡ್ಡದು ಹಾಕುವುದು. ಮೊದಲನೆಯದು ಶಾಕ್‌ಗೆ, ಎರಡನೆಯದು ಬೆಂಕಿಗೆ ಬಾಗಿಲು ತೆರೆದಂತೆ.

ಇದರ ಜೊತೆ ಗೊಂದಲ ಆಗುವ ಇನ್ನೊಂದು ದೋಷ ಇದೆ. ಕೆಲವು ಲೈಟು ತುಂಬಾ ಪ್ರಖರ, ಕೆಲವು ಮಂಕು, ಅಕ್ಕಪಕ್ಕದ ಮನೆಗಳಲ್ಲೂ ಹಾಗೇ ಎಂದರೆ ಸರಬರಾಜಿನ ನ್ಯೂಟ್ರಲ್ ಕಡಿದಿರಬಹುದು. ತಕ್ಷಣ ಮೇನ್ ಇಳಿಸಿ, 1912ಕ್ಕೆ ಕರೆ ಮಾಡಿ. ಅದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂನಂತಹ ಕಂಪನಿಯ ಕೆಲಸ.

ಓನರ್ ಹೊಣೆ ಎಲ್ಲಿಂದ ಶುರು

ಮೀಟರ್‌ವರೆಗೆ ವಿದ್ಯುತ್ ಕಂಪನಿ. ಮೀಟರ್ ದಾಟಿದ ಮೇಲೆ ಗೋಡೆಯೊಳಗಿನ ವೈರಿಂಗ್, ಡಿಬಿ, ಅರ್ತಿಂಗ್ ಎಲ್ಲ ಕಟ್ಟಡದವರದ್ದು. ನೀವು ತಂದ ಫ್ರಿಜ್, ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬಾಕ್ಸ್ ನಿಮ್ಮವು.

ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇರುವ ನಮ್ಮವರಿಗೆ ಇದು ಸುಲಭ. ಅಲ್ಲಿ 2020ರ ನಿಯಮದ ಪ್ರಕಾರ ಓನರ್ ಕನಿಷ್ಠ 5 ವರ್ಷಕ್ಕೊಮ್ಮೆ ಅರ್ಹ ವ್ಯಕ್ತಿಯಿಂದ ಇಡೀ ವೈರಿಂಗ್ ಪರೀಕ್ಷೆ ಮಾಡಿಸಬೇಕು. ವರದಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಬೇಕು. ಅಪಾಯ ಕಂಡರೆ 28 ದಿನದೊಳಗೆ, ವರದಿ ಇನ್ನೂ ಬೇಗ ಎಂದರೆ ಬೇಗ, ಸರಿಮಾಡಿಸಬೇಕು. ನಮ್ಮಲ್ಲಿ ಬಾಡಿಗೆ ಮನೆಗೆ ಇಂಥ ಕಡ್ಡಾಯ ವರದಿಯ ಪದ್ಧತಿ ಇಲ್ಲ. ಇದ್ದಿದ್ದರೆ ಎಷ್ಟೋ ಬಚ್ಚಲಮನೆ ಸಾವುಗಳು ತಪ್ಪುತ್ತಿದ್ದವು ಎಂಬುದು ನನ್ನ ದೃಢ ನಂಬಿಕೆ.

ಹಾಗೆಂದು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆ. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ಅನ್ವಯಿಸುವುದಿಲ್ಲ. ಇವತ್ತಿನ ಬಾಡಿಗೆಯಲ್ಲಿ ಹೆಚ್ಚಿನವರು ಹೊರಗೇ ಉಳಿಯುತ್ತಾರೆ, ಅಲ್ವಾ? ಅಂಥವರು ನೋಡಬೇಕಾದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಬಾಡಿಗೆದಾರರ ಕಣ್ಣಿಗೆ ಬೀಳದ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಓನರ್ ಮೊದಲೇ ಹೇಳಬೇಕು ಎನ್ನುತ್ತದೆ ಅದು. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಮಂಜಸ ಅವಧಿಯಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎಂದೂ ಹೇಳುತ್ತದೆ. ಆದರೆ ಯಾವ ರಿಪೇರಿ ಓನರ್‌ದು ಎಂಬುದು ಹೆಚ್ಚಾಗಿ ಅಗ್ರಿಮೆಂಟ್ ಮೇಲೆ ನಿಲ್ಲುತ್ತದೆ.

ನಮ್ಮ 11 ತಿಂಗಳ ಅಗ್ರಿಮೆಂಟ್‌ಗಳಲ್ಲಿ ಪೇಂಟಿಂಗ್ ಖರ್ಚು ಎಷ್ಟು ಹಿಡಿಯಬೇಕು ಎಂದು ಬರೆದಿರುತ್ತದೆ, ವೈರಿಂಗ್ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಳಗಿನ, ಹೊರಗಿನ ವೈರಿಂಗ್ ಓನರ್ ಪಟ್ಟಿಯಲ್ಲಿದೆ. ಗೀಸರ್ ರಿಪೇರಿ, ಸ್ವಿಚ್ಚು, ಸಾಕೆಟ್ಟು, ಸರ್ಕ್ಯೂಟ್ ಬ್ರೇಕರ್ (ಎಂಸಿಬಿಯಂಥವು) ರಿಪೇರಿ ಬಾಡಿಗೆದಾರರ ಪಟ್ಟಿಯಲ್ಲಿವೆ. ಅದು ಮಾದರಿ ಮಾತ್ರ, ರಾಜ್ಯ ಕಾನೂನಾಗಿ ತಂದರಷ್ಟೇ ಜಾರಿ. ಬ್ರೇಕರ್ ಬಾಡಿಗೆದಾರರ ತಲೆಗೆ ಬಂದದ್ದು ನನಗೆ ಸರಿ ಕಾಣುವುದಿಲ್ಲ. ಡಿಬಿ ಬಾಕ್ಸ್ ಕಟ್ಟಡದ ಭಾಗವೇ. ಆದ್ದರಿಂದ ಅಗ್ರಿಮೆಂಟ್‌ನಲ್ಲೇ ಬರೆಸಿಕೊಳ್ಳಿ: ವೈರಿಂಗ್, ಅರ್ತಿಂಗ್, 30 ಎಂಎ ಆರ್‌ಸಿಸಿಬಿ ಓನರ್ ಹೊಣೆ, ಮನೆ ಜೊತೆ ಕೊಟ್ಟ ಗೀಸರ್ ಕೂಡ.

ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕಳಿಸಿ. ಬಯ್ಯುವುದು ಬೇಡ, ಕಂಡದ್ದನ್ನು ಮಾತ್ರ ಹೇಳಿ:

"ನಮಸ್ಕಾರ ಸರ್. ಮೊದಲನೇ ಮಹಡಿ ಮನೆಯಿಂದ. ಬಚ್ಚಲಮನೆ ನಲ್ಲಿ ಮತ್ತು ಫ್ರಿಜ್ ಮುಟ್ಟಿದರೆ ಶಾಕ್ ಹೊಡೀತಿದೆ. ನಮ್ಮ ಮೇನ್, ಯುಪಿಎಸ್ ಎರಡೂ ಆಫ್ ಮಾಡಿದ ಮೇಲೂ ನಲ್ಲಿಯಲ್ಲಿ ಟೆಸ್ಟರ್ ಉರಿಯುತ್ತಿದೆ. ಮೇಲಿನ ಮನೆಯವರಿಗೂ ಹಾಗೇ ಆಗ್ತಿದೆಯಂತೆ. ಬಿಲ್ಡಿಂಗ್ ಅರ್ತಿಂಗ್ ಅಳತೆ ಮಾಡಿಸಬೇಕು ಸರ್. ಗೀಸರ್ ಬಳಸೋದು ನಿಲ್ಲಿಸಿದ್ದೇವೆ. ಮನೆಯಲ್ಲಿ ಚಿಕ್ಕ ಮಗು ಇದೆ, ದಯವಿಟ್ಟು ಇವತ್ತೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕಳಿಸಿ. ವಿಡಿಯೋ ಜೊತೆಗಿದೆ."

ಲೈಸೆನ್ಸ್ ಎಂದು ಸುಮ್ನೆ ಬರೆದದ್ದಲ್ಲ. ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ವೈರಿಂಗ್ ಕೆಲಸವನ್ನು ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು ಎಂಬುದು ನಿಯಮ. ಕರ್ನಾಟಕದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಓನರ್ ಕಿವಿಗೇ ಹಾಕಿಕೊಳ್ಳದಿದ್ದರೆ ಆ ಇಲಾಖೆಯ ನಿಮ್ಮ ಜಿಲ್ಲೆಯ ಕಚೇರಿಗೂ, ನಿಮ್ಮ ವಿದ್ಯುತ್ ಕಂಪನಿಯ ಉಪವಿಭಾಗಕ್ಕೂ ಬರವಣಿಗೆಯಲ್ಲಿ ದೂರು ಕೊಡಿ.

ಕೆಲಸ ಮುಗಿದ ಮೇಲೆ

ಎಲೆಕ್ಟ್ರಿಷಿಯನ್ ಹೊರಡುವ ಮುಂಚೆಯೇ ಪರೀಕ್ಷಿಸಿ. ಆರ್‌ಸಿಸಿಬಿಯ 'ಟಿ' ಬಟನ್ ಒತ್ತಿದರೆ ಅದು ಬೀಳಬೇಕು. ಇದು ಆರ್‌ಸಿಸಿಬಿಯ ಪರೀಕ್ಷೆ ಮಾತ್ರ, ಅರ್ತಿಂಗ್‌ನದ್ದಲ್ಲ. ಅರ್ಥ್ ಎಷ್ಟು ಓಮ್ ಬಂತು ಎಂಬುದನ್ನು ಬಿಲ್ಲಿನ ಮೇಲೆ ದಿನಾಂಕದ ಜೊತೆ ಬರೆಸಿ, ಫೋಟೋ ತೆಗೆದು ಓನರ್‌ಗೂ ಕಳಿಸಿ. ಅರ್ಥ್ ಪಿಟ್ ಎಲ್ಲಿದೆ ಎಂದು ತೋರಿಸಿಕೊಳ್ಳಿ. ಎಷ್ಟೋ ಕಡೆ ಅದು ಪಾರ್ಕಿಂಗ್ ಟೈಲ್ಸ್ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಮುಚ್ಚಳ ತೆರೆಯುವಂತೆ ಮಾಡಿಸಿದರೆ ಬೇಸಿಗೆಯಲ್ಲಿ ನೀರು ಹಾಕಬಹುದು. 'ಟಿ' ಬಟನ್ನನ್ನು ತಿಂಗಳಿಗೊಮ್ಮೆ, ಬಾಡಿಗೆ ಕಳಿಸುವ ದಿನವೇ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಆ ದಿನವೇ ಅದನ್ನು ಬದಲಿಸಲು ಓನರ್‌ಗೆ ಬರೆಯಿರಿ.